ಬಾವಿಯ ರಾಟೆ ಮತ್ತು ಕಂಪ್ಯೂಟರಿನ ಅಸೆಂಬ್ಲಿ

ಅಸೆಂಬ್ಲಿ ಎಂದರೆ ನಮ್ಮ ಶಾಲೆಯ ಮಕ್ಕಳಿಗೆ ಬೆಳಗ್ಗಿನ ಸಾಲು, ಪ್ರಾರ್ಥನೆ, ಪ್ರತಿಜ್ಞೆ, ವಾರ್ತೆ. ಸ್ವಲ್ಪ ದೊಡ್ಡವರಾದ ಮೇಲೆ ತಿರುವನಂತಪುರದ ಶಾಸನಸಭೆಗೂ ಅದೇ ಹೆಸರು ಎಂದು ತಿಳಿಯುತ್ತದೆ. ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್‌ಗೋ ಐಟಿಐಗೋ ಸೇರಿದವರಿಗೆ ಮೂರನೆಯ ಅರ್ಥವೊಂದು ಎದುರಾಗುತ್ತದೆ. ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ರಚಿಸಿ, ಆಮೇಲೆ ಅವನ್ನೆಲ್ಲ ಒಂದಕ್ಕೊಂದು ಕೂಡಿಸಿ ನಿಲ್ಲಿಸುವುದಕ್ಕೂ ಅಲ್ಲಿ ಅಸೆಂಬ್ಲಿ ಎಂದೇ ಹೆಸರು. ಈ ಮೂರನೆಯ ಅಸೆಂಬ್ಲಿಯ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು.

ನಾವು ಓದಿದ್ದು ಟಿಸಿಎಚ್ ಮತ್ತು ಬಿಎ. ಯಂತ್ರಗಳ ನಕಾಶೆ ನಮ್ಮ ವಿಷಯವಲ್ಲ. ಆದರೂ ಬರೆಯಬೇಕಾಗಿ ಬಂದದ್ದು ಯಾಕೆ ಎಂದರೆ, ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಕಲಿತು ಹೋದ ಮಕ್ಕಳು ರಜೆಯಲ್ಲಿ ಶಾಲೆಯ ಕಡೆ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಪಾರ್ಟ್ ಮಾಡ್ಲಿಕ್ಕೆ ಬರ್ತದೆ ಸರ್, ಅಸೆಂಬ್ಲಿ ಮಾಡುವಾಗ ಎಲ್ಲ ಹಾಳಾಗ್ತದೆ." ಕಳೆದ ಓಣಂ ರಜೆಯಲ್ಲಿ ಬಂದ ಹುಡುಗಿಯೊಬ್ಬಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇನ್ನು ಕಾಲೇಜಿಗೆ ಹೋಗುವುದಿಲ್ಲ" ಎಂದೇ ಹೇಳಿದಳು. ಅವಳು ಒಂದು ಬೆಂಚ್ ವೈಸ್‌ನ ಎಲ್ಲ ಭಾಗಗಳನ್ನೂ ಲ್ಯಾಬಿನಲ್ಲಿ ಕುಳಿತು ಮಾಡಿದ್ದಳು. ಜೋಡಿಸಿದ್ದಳು. ಪೆನ್‌ಡ್ರೈವಿನಲ್ಲಿ ಜೋಡಣೆಯ ಫೈಲನ್ನು ಹಾಕಿಕೊಂಡು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ತೋರಿಸಲು ಹೋದರೆ ಪರದೆಯಲ್ಲಿ ಏನೂ ಇಲ್ಲ. ಹೆಸರುಗಳ ಪಟ್ಟಿ ಮಾತ್ರ ಇದೆ, ವೈಸ್ ಇಲ್ಲ. ನೋಡಿದವರು ಕೆಲಸವೇ ಮಾಡಿಲ್ಲ ಎಂದುಕೊಂಡರು. ಅವಳಿಗೆ ಯಾಕೆ ಹಾಗಾಯಿತೆಂದು ವಿವರಿಸಿ ಹೇಳಲು ಬಾಯಿ ಬರಲಿಲ್ಲ. "ಕನ್ನಡದಲ್ಲಿ ಓದಿದ್ದೇ ತಪ್ಪಾಯಿತು ಸರ್" ಎಂದಳು.

ಈ ಒಂದು ವಾಕ್ಯ ಊರಲ್ಲಿ ಹರಡಿದರೆ ಏನಾಗುತ್ತದೆಂದು ಗಡಿನಾಡಿನ ಅಧ್ಯಾಪಕರಿಗೆ ಬೇರೆ ಹೇಳಬೇಕಾಗಿಲ್ಲ. ಜೂನಿನ ಆರನೆಯ ಕೆಲಸದ ದಿನ ತಲೆ ಎಣಿಸುವಾಗ ಒಂದನೆಯ ತರಗತಿಯ ಬೆಂಚಿನಲ್ಲಿ ಅದರ ಫಲ ಕಾಣುತ್ತದೆ. ಆದ್ದರಿಂದ ಆ ರಜೆಯಲ್ಲಿ ನಾವು, ಅವಳು ಮತ್ತು ಹೈಸ್ಕೂಲಿನ ನಾಲ್ಕು ಮಕ್ಕಳು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತೆವು. ಕಲಿತದ್ದನ್ನು ಇಲ್ಲಿ ಇಡುತ್ತಿದ್ದೇವೆ.

ನಾವು ಬಳಸಿದ್ದು ಫ್ರೀಕ್ಯಾಡ್ ಎಂಬ ಸ್ವತಂತ್ರ ತಂತ್ರಾಂಶ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳು ಗ್ನೂ/ಲಿನಕ್ಸ್‌ನಲ್ಲಿ ನಡೆಯುವುದರಿಂದ ಇದನ್ನು ಹಾಕಿಕೊಳ್ಳಲು ತೊಂದರೆಯಿಲ್ಲ, ಹಣವೂ ಬೇಡ. ಮೊದಲು ಇದರಲ್ಲಿ ಜೋಡಣೆಗೆಂದು ಬೇರೆ ಬೇರೆಯವರು ಮಾಡಿದ ಸೇರ್ಪಡೆಗಳನ್ನು ಹಾಕಿಕೊಳ್ಳಬೇಕಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ಜೋಡಣೆಯ ವಿಭಾಗ ಅದರೊಳಗೇ ಇದೆ. ಕಾಲೇಜುಗಳಲ್ಲಿ ಸಾಲಿಡ್‌ವರ್ಕ್ಸ್, ಇನ್ವೆಂಟರ್ ಮುಂತಾದ ಹಣಕೊಡುವ ತಂತ್ರಾಂಶಗಳಿರಬಹುದು. ಗುಂಡಿಗಳ ಜಾಗ ಬೇರೆ, ತತ್ತ್ವ ಒಂದೇ.

ಮಾದರಿಗೆ ಯಾವ ವಸ್ತು? ಪಠ್ಯಪುಸ್ತಕಗಳಲ್ಲಿ ಬರುವ ವೈಸ್, ಸ್ಕ್ರೂ ಜ್ಯಾಕ್, ಪ್ಲಮರ್ ಬ್ಲಾಕ್ ಯಾವುದನ್ನೂ ಮಕ್ಕಳು ಕೈಯಲ್ಲಿ ಹಿಡಿದವರಲ್ಲ. ಬಾವಿಯ ರಾಟೆಯನ್ನು ಎಲ್ಲರೂ ಕಂಡಿದ್ದಾರೆ, ಎಲ್ಲರೂ ನೀರು ಸೇದಿದ್ದಾರೆ. ಮಲಯಾಳದಲ್ಲಿ ಅದು ಕಪ್ಪಿ, ಇಂಗ್ಲಿಷಿನಲ್ಲಿ ಪುಲ್ಲಿ. ಹಳೆಯ ರಾಟೆಯೊಂದು ಶಾಲೆಯ ಉಗ್ರಾಣದಲ್ಲಿ ಬಿದ್ದಿತ್ತು. ಅದನ್ನು ತಂದು, ಸೀಮೆಎಣ್ಣೆ ಹಾಕಿ, ಸ್ಪಾನರಿನಿಂದ ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿದೆವು. ಒಂದು ಚಕ್ರ, ಅದರೊಳಗೆ ಕೂರುವ ಒಂದು ಬುಷ್, ಎರಡು ಪಕ್ಕಪಟ್ಟಿ, ಮೇಲೆ ನೇತುಹಾಕುವ ಒಂದು ಕೊಂಡಿ, ಎರಡು ಬೋಲ್ಟ್, ಎರಡು ನಟ್, ನಾಲ್ಕು ವಾಷರ್. ಏಳು ಬಗೆ, ಒಟ್ಟು ಹದಿಮೂರು ತುಂಡು. ಕೆಳಗಿನ ಬೋಲ್ಟೇ ಚಕ್ರದ ಅಚ್ಚು, ಮೇಲಿನದು ಕೊಂಡಿಯನ್ನು ಹಿಡಿಯುವುದು. ಎರಡೂ ಒಂದೇ ಅಳತೆಯವು.

ಇಲ್ಲಿಯೇ ಮೊದಲ ಪಾಠ ಸಿಕ್ಕಿತು. ಏಳು ಎಂಬುದು ಬೇರೆ, ಹದಿಮೂರು ಎಂಬುದು ಬೇರೆ. ನಾವು ರಚಿಸಬೇಕಾದ ಭಾಗಗಳು ಏಳು ಮಾತ್ರ. ಜೋಡಣೆಯಲ್ಲಿ ಕಾಣಿಸಿಕೊಳ್ಳುವುದು ಹದಿಮೂರು. ಮಕ್ಕಳು ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದು ವಾಷರ್ ಮಾಡಿ ಮೂರು ಸಲ ಕಾಪಿ-ಪೇಸ್ಟ್ ಮಾಡುತ್ತಾರೆ. ನೋಡಲು ಸರಿಯೇ. ಆದರೆ ಅಲ್ಲಿರುವುದು ನಾಲ್ಕು ಬೇರೆ ಬೇರೆ ವಾಷರುಗಳು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಾಳೆ ದಪ್ಪ ಬದಲಿಸಬೇಕಾದರೆ ನಾಲ್ಕು ಕಡೆ ಬದಲಿಸಬೇಕು. ಮೂರು ಬದಲಿಸಿ ಒಂದನ್ನು ಮರೆಯುವುದು ಖಂಡಿತ. ಕಾಪಿಯ ಬದಲು ಲಿಂಕ್ ಹಾಕಿದರೆ ಮೂಲ ಒಂದೇ, ತೋರಿಕೆ ನಾಲ್ಕು. ಮೂಲವನ್ನು ತಿದ್ದಿದರೆ ನಾಲ್ಕೂ ಕಡೆ ತಿದ್ದಿದಂತಾಯಿತು.

ಇದೇನೂ ನಿನ್ನೆ ಮೊನ್ನೆಯ ಉಪಾಯವಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಲೈಟ್ ಪೆನ್ನಿನಿಂದ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ಮಾಡಿದ್ದು 1963ರಲ್ಲಿ. ಅದರಲ್ಲೇ ಮೂಲ ಚಿತ್ರ, ಅದರ ತೋರಿಕೆಗಳು ಎಂಬ ವ್ಯವಸ್ಥೆ ಇತ್ತು. ಮೂಲವನ್ನು ತಿದ್ದಿದರೆ ತೋರಿಕೆಗಳೆಲ್ಲ ತಾವಾಗಿ ಬದಲಾಗುತ್ತಿದ್ದವು. ಎರಡು ಗೆರೆ ಸಮಾಂತರವಾಗಿರಲಿ, ಎರಡು ಬದಿ ಸಮನಾಗಿರಲಿ ಎಂದು ನಿಯಮ ಹಾಕುವುದಕ್ಕೂ ಆಗುತ್ತಿತ್ತು. ಸದರ್‌ಲ್ಯಾಂಡರಿಗೆ 1988ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅಂದರೆ ನಮ್ಮ ಮಕ್ಕಳನ್ನು ಹೆದರಿಸುವ ಈ ವಿಷಯ ಅರುವತ್ತು ವರ್ಷಕ್ಕಿಂತ ಹಳೆಯದು. ನಮ್ಮ ಮಾತಿನಲ್ಲಿ ಯಾರೂ ಹೇಳಿಕೊಡಲಿಲ್ಲ, ಅಷ್ಟೆ.

ಎರಡನೆಯ ಪ್ರಶ್ನೆ, ಯಾವುದನ್ನು ಒಂದು ಭಾಗ ಎನ್ನಬೇಕು? ಒಬ್ಬ ಹುಡುಗ ಪೂರ್ತಿ ರಾಟೆಯನ್ನು ಒಂದೇ ಘನವಾಗಿ ಮಾಡಿದ್ದ. ಚಿತ್ರ ಚೆನ್ನಾಗಿತ್ತು, ಆದರೆ ಚಕ್ರ ತಿರುಗದು. ಇನ್ನೊಬ್ಬಳು ಬೋಲ್ಟಿನ ತಲೆಯನ್ನೂ ಕಡ್ಡಿಯನ್ನೂ ಎರಡು ಭಾಗವಾಗಿ ಮಾಡಿದ್ದಳು. ನಾವು ಕಂಡುಕೊಂಡ ಸುಲಭದ ಪರೀಕ್ಷೆ ಇದು: ಪೇಟೆಯಿಂದ ತರುವಾಗ ಅಥವಾ ವರ್ಕ್‌ಶಾಪಿನವರಲ್ಲಿ ಮಾಡಿಸುವಾಗ ಯಾವುದು ಒಂದೇ ತುಂಡಾಗಿ ಕೈಗೆ ಬರುತ್ತದೋ ಅದು ಒಂದು ಭಾಗ. ಬೋಲ್ಟನ್ನು ತಲೆ ಬೇರೆ, ಕಡ್ಡಿ ಬೇರೆ ಎಂದು ಯಾರೂ ಮಾರುವುದಿಲ್ಲ. ಬುಷ್ ಬದಲು ಬಾಲ್ ಬೇರಿಂಗ್ ಹಾಕಿದರೆ? ಬೇರಿಂಗಿನೊಳಗೆ ಗುಂಡುಗಳಿವೆ, ಒಳಬಳೆ ಹೊರಬಳೆ ಇವೆ. ಅದನ್ನು ತಯಾರಿಸುವ ಕಂಪನಿಗೆ ಅದು ಜೋಡಣೆ, ಕೊಂಡು ಹಾಕುವ ನಮಗೆ ಒಂದು ಭಾಗ. ಹಾಗಾಗಿ ಭಾಗ, ಜೋಡಣೆ ಎಂಬುದು ವಸ್ತುವಿನ ಹಣೆಯಲ್ಲಿ ಬರೆದಿರುವುದಿಲ್ಲ. ಯಾರು, ಯಾವ ಕೆಲಸಕ್ಕಾಗಿ ನೋಡುತ್ತಿದ್ದಾರೆ ಎಂಬುದರ ಮೇಲಿದೆ.

ರಾಟೆ ಬಾವಿಯಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಕಟ್ಟೆ ಒಂದು, ಕಂಬ ಎರಡು, ಅಡ್ಡಪೈಪು ಒಂದು, ಅದಕ್ಕೆ ನೇತುಬಿದ್ದ ರಾಟೆ ಒಂದು. ಈ ದೊಡ್ಡ ಜೋಡಣೆಯಲ್ಲಿ ಹದಿಮೂರು ತುಂಡಿನ ರಾಟೆ ಒಂದೇ ಸಾಲು. ಇದನ್ನು ಒಳಜೋಡಣೆ ಎಂದು ಕರೆದೆವು. ಹೀಗೆ ಮಾಡದೆ ಎಲ್ಲ ತುಂಡುಗಳನ್ನೂ ಒಂದೇ ಮರದ ಪಟ್ಟಿಯಲ್ಲಿ ಸುರಿದರೆ ಹದಿನೇಳು ಹೆಸರಿನ ಉದ್ದ ಸಾಲು ಬರುತ್ತದೆ. ಹದಿನೇಳನ್ನು ಹೇಗೋ ಸಂಭಾಳಿಸಬಹುದು, ನೂರೆಪ್ಪತ್ತಾದರೆ ಸಾಧ್ಯವಿಲ್ಲ. ಒಳಜೋಡಣೆಯನ್ನು ಎಲ್ಲಿ ಕತ್ತರಿಸಬೇಕು ಎಂಬುದಕ್ಕೂ ಒಂದು ಲೆಕ್ಕವುಂಟು. ರಾಟೆಗೆ ಎಣ್ಣೆ ಹಾಕಬೇಕಾದರೆ ಕೊಂಡಿ ಸಮೇತ ಕಳಚಿ ಕೆಳಗೆ ತರುತ್ತೇವೆ, ಕಂಬವನ್ನು ಕೀಳುವುದಿಲ್ಲ. ಒಟ್ಟಿಗೆ ಕಳಚುವುದು, ಒಟ್ಟಿಗೆ ಕೊಳ್ಳುವುದು, ಒಟ್ಟಿಗೆ ಇನ್ನೊಂದು ಕಡೆ ಹಾಕಬಹುದಾದದ್ದು ಒಂದು ಒಳಜೋಡಣೆ. ನಮ್ಮೂರಿನ ಯಕ್ಷಗಾನ ಮೇಳದ ಪೆಟ್ಟಿಗೆಗಳನ್ನು ಕಂಡವರಿಗೆ ಇದು ಹೊಸತಲ್ಲ. ಬಣ್ಣದ ವೇಷದ ಸಾಮಾನು ಒಂದು ಕಡೆ, ಸ್ತ್ರೀವೇಷದ್ದು ಇನ್ನೊಂದು ಕಡೆ. ಎಲ್ಲ ಕಿರೀಟಗಳು ಒಂದು ಪೆಟ್ಟಿಗೆ, ಎಲ್ಲ ಗೆಜ್ಜೆಗಳು ಇನ್ನೊಂದು ಎಂದು ಮಾಡಿದರೆ ಅರ್ಧರಾತ್ರಿ ಚೌಕಿಯಲ್ಲಿ ಹುಡುಕಾಟವೇ ಗತಿ!

ಇನ್ನು ಕೂಡಿಸುವ ವಿಚಾರ. ಗಾಳಿಯಲ್ಲಿ ತೇಲುವ ಒಂದು ವಸ್ತುವಿಗೆ ಆರು ಬಗೆಯ ಚಲನೆಯ ಸ್ವಾತಂತ್ರ್ಯ ಇರುತ್ತದೆ. ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಸರಿಯುವುದು ಮೂರು, ಆ ಮೂರು ದಿಕ್ಕುಗಳ ಸುತ್ತ ತಿರುಗುವುದು ಮೂರು. ಜೋಡಣೆ ಎಂದರೆ ಈ ಸ್ವಾತಂತ್ರ್ಯವನ್ನು ಬೇಕಾದಷ್ಟೇ ಕಡಿಮೆ ಮಾಡುವುದು. ಗಟ್ಟಿ ಕೀಲು ಆರನ್ನೂ ತೆಗೆಯುತ್ತದೆ. ತಿರುಗುವ ಕೀಲು ಐದನ್ನು ತೆಗೆದು ಒಂದನ್ನು ಬಿಡುತ್ತದೆ. ಜಾರುವ ಕೀಲೂ ಒಂದನ್ನೇ ಬಿಡುತ್ತದೆ, ಆದರೆ ಅದು ಸರಿಯುವ ಚಲನೆ. ಗುಂಡಿನ ಕೀಲು ತಿರುಗುವ ಮೂರನ್ನೂ ಬಿಡುತ್ತದೆ. ನಮ್ಮ ರಾಟೆಯಲ್ಲಿ ಬುಷ್ ಚಕ್ರಕ್ಕೆ ಗಟ್ಟಿ, ಚಕ್ರ ಬೋಲ್ಟಿನ ಮೇಲೆ ತಿರುಗುವ ಕೀಲು, ಕೊಂಡಿ ಮೇಲಿನ ಬೋಲ್ಟಿನ ಮೇಲೆ ತಿರುಗುವ ಕೀಲು, ಉಳಿದದ್ದೆಲ್ಲ ಪಕ್ಕಪಟ್ಟಿಗೆ ಗಟ್ಟಿ.

ಎಲ್ಲಕ್ಕಿಂತ ಮೊದಲು ಒಂದು ಭಾಗವನ್ನು ನೆಲಕ್ಕೆ ಊರಬೇಕು. ಎಲ್ಲವೂ ತೇಲುತ್ತಿದ್ದರೆ ಯಾವುದು ಯಾವುದರ ಬಳಿಗೆ ಹೋಗಬೇಕು? ಒಂದು ಕೀಲು ಹಾಕಿದ ಕೂಡಲೇ ಚಕ್ರದ ಬಳಿಗೆ ಪಟ್ಟಿ ಹಾರಿ ಬರುತ್ತದೆ, ಇನ್ನೊಂದು ಹಾಕಿದರೆ ಇಡೀ ಗುಂಪು ಪರದೆಯಿಂದಾಚೆ ಓಡುತ್ತದೆ. ಬಾವಿಯ ಜೋಡಣೆಯಲ್ಲಿ ಊರಬೇಕಾದದ್ದು ಕಟ್ಟೆ, ಅದರಲ್ಲಿ ಸಂಶಯವಿಲ್ಲ. ರಾಟೆಯೊಂದರ ಜೋಡಣೆಯಲ್ಲಿ ನಾವು ಒಂದು ಪಕ್ಕಪಟ್ಟಿಯನ್ನು ಊರಿದೆವು.

ಮಕ್ಕಳು ಎಡವುವ ಇನ್ನೊಂದು ಜಾಗ ಅತಿಯಾದ ಕೀಲು. "ಗಟ್ಟಿಯಾಗಿರಲಿ ಸರ್" ಎಂದು ಒಂದು ಸಂಬಂಧಕ್ಕೆ ಎರಡು ಮೂರು ನಿಯಮ ಹಾಕುತ್ತಾರೆ. ತೂತಿನ ನಡುಗೆರೆ ಒಂದಾಗಲಿ ಎಂದು ಒಂದು, ಮುಖ ತಾಗಲಿ ಎಂದು ಒಂದು, ಅಂತರ ಇಷ್ಟಿರಲಿ ಎಂದು ಮತ್ತೊಂದು. ಎಲ್ಲ ಅಳತೆಯೂ ಸರಿಯಿರುವಷ್ಟು ದಿನ ಗಲಾಟೆಯಿಲ್ಲ. ಯಾವುದೋ ಒಂದು ಅಳತೆ ಅರ್ಧ ಮಿಲಿಮೀಟರ್ ಬದಲಾದರೆ ಎರಡು ನಿಯಮಗಳು ಒಂದಕ್ಕೊಂದು ವಿರುದ್ಧ ಬೀಳುತ್ತವೆ, ಕೆಂಪು ಗುರುತು ಬರುತ್ತದೆ. ಆಗ ಬೇಡದ್ದನ್ನು ಅಳಿಸಬೇಕೇ ಹೊರತು ಹೊಸ ನಿಯಮ ಸೇರಿಸಬಾರದು.

"ರಾಟೆ ಒಂಟಿಯಾಗಿದ್ದಾಗ ತಿರುಗುತ್ತಿತ್ತು, ಬಾವಿಗೆ ಹಾಕಿದ ಮೇಲೆ ತಿರುಗುವುದಿಲ್ಲ" ಎಂದು ಒಬ್ಬ ಕೂಗಿದ. ಹಲವು ತಂತ್ರಾಂಶಗಳಲ್ಲಿ ಒಳಜೋಡಣೆಯನ್ನು ಮೇಲಿನ ಜೋಡಣೆಗೆ ತಂದಾಗ ಅದು ಒಂದೇ ಗಟ್ಟಿ ಕಲ್ಲಿನಂತೆ ವರ್ತಿಸುತ್ತದೆ. ಲೆಕ್ಕದ ಹೊರೆ ಕಡಿಮೆಯಾಗಲಿ ಎಂದು ಹಾಗೆ ಮಾಡಿರುತ್ತಾರೆ. ಒಳಗಿನ ಚಲನೆ ಮೇಲೂ ಬೇಕಿದ್ದರೆ, ಇದನ್ನು ಸಡಿಲವಾಗಿಡು ಎಂದು ನಾವೇ ಹೇಳಬೇಕು. ಇದು ಗೊತ್ತಿಲ್ಲದೆ ಕೀಲುಗಳನ್ನೆಲ್ಲ ಅಳಿಸಿ ಪುನಃ ಹಾಕುತ್ತಾ ಕೂತವರು ಎಷ್ಟು ಮಂದಿಯೋ.

ಈಗ ಆ ಹುಡುಗಿಯ ಖಾಲಿ ಪರದೆಗೆ ಬರೋಣ. ಜೋಡಣೆಯ ಫೈಲಿನೊಳಗೆ ಭಾಗಗಳು ಇರುವುದಿಲ್ಲ. ಈ ಭಾಗ ಇಂಥ ಕಡೆ ಇದೆ, ಅದನ್ನು ಇಷ್ಟು ದೂರದಲ್ಲಿ, ಈ ದಿಕ್ಕಿನಲ್ಲಿ ಇಡು ಎಂಬ ವಿಳಾಸ ಮಾತ್ರ ಇರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿದೆ, ಮಕ್ಕಳು ಪುಸ್ತಕದೊಳಗೆ ಕೂತಿಲ್ಲ, ಹಾಗೆ. ಹಾಜರಿ ಪುಸ್ತಕವನ್ನು ಮಾತ್ರ ಪ್ರವಾಸಕ್ಕೆ ಕೊಂಡುಹೋದರೆ ಬಸ್ಸು ಖಾಲಿಯೇ. ಅವಳು ಮಾಡಿದ ಕೆಲಸ ಎಲ್ಲಿಗೂ ಹೋಗಿರಲಿಲ್ಲ, ಲ್ಯಾಬಿನ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಪೂರ್ತಿ ಫೋಲ್ಡರನ್ನು ತಂದಿದ್ದರೆ ವೈಸ್ ಕಾಣಿಸುತ್ತಿತ್ತು. ಈ ಮಾತು ತಿಳಿದಾಗ ಅವಳ ಮುಖ ನೋಡಬೇಕಿತ್ತು. ಕೆಲಸ ಗೊತ್ತಿಲ್ಲದವಳು ತಾನಲ್ಲ, ವ್ಯವಸ್ಥೆಯ ಒಂದು ನಿಯಮ ಮಾತ್ರ ತನಗೆ ಗೊತ್ತಿರಲಿಲ್ಲ ಎಂದು ಅವಳಿಗೇ ಅರ್ಥವಾಯಿತು.

ಆದ್ದರಿಂದ ನಾವು ಮಾಡಿಕೊಂಡ ಕಟ್ಟುಪಾಡು ಹೀಗಿದೆ. ಒಂದು ಯೋಜನೆಗೆ ಒಂದು ಫೋಲ್ಡರ್. ಅದರೊಳಗೆ ಮೂರು ಉಪಫೋಲ್ಡರ್. ನಾವು ರಚಿಸಿದ ಭಾಗಗಳಿಗೆ ಒಂದು, ಕೊಳ್ಳುವ ಸಿದ್ಧಭಾಗಗಳಿಗೆ ಒಂದು, ಜೋಡಣೆಗಳಿಗೆ ಒಂದು. ಒಯ್ಯುವುದಾದರೆ ಇಡೀ ಫೋಲ್ಡರನ್ನೇ ಒಯ್ಯಬೇಕು. ಫೈಲಿನ ಹೆಸರನ್ನು ಹೊರಗಿನಿಂದ ಬದಲಿಸಬಾರದು. ಹೆಸರು ಬದಲಾದರೆ ವಿಳಾಸ ತಪ್ಪಿದ ಕಾಗದದ ಗತಿಯೇ ಅದಕ್ಕೂ. 'ಫೈನಲ್', 'ಹೊಸ ಫೈನಲ್', 'ನಿಜವಾದ ಫೈನಲ್' ಎಂಬ ಹೆಸರುಗಳನ್ನು ನಿಷೇಧಿಸಿದ್ದೇವೆ. ಹಳೆಯದು ಬೇಕೆಂದರೆ ಇಡೀ ಫೋಲ್ಡರಿನ ಪ್ರತಿ ತೆಗೆದು ಅದರ ಮೇಲೆ ತಾರೀಕು ಬರೆಯಬೇಕು.

ಹೆಸರಿನ ವಿಚಾರಕ್ಕೆ ಬಂದಾಗ ನಮಗೆ ಬಹಳ ಖುಷಿಯಾದ ಸಂಗತಿಯೊಂದು ಸಿಕ್ಕಿತು. ಫ್ರೀಕ್ಯಾಡಿನಲ್ಲಿ ಪ್ರತಿ ವಸ್ತುವಿಗೂ ಎರಡು ಹೆಸರು. ಒಂದು ಒಳಹೆಸರು. ಅದು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಮಾತ್ರ ಇರುತ್ತದೆ, ವಸ್ತು ಹುಟ್ಟುವಾಗ ಸಿಕ್ಕಿದ್ದು ಬದಲಾಗುವುದಿಲ್ಲ. ಇನ್ನೊಂದು ಚೀಟಿ ಹೆಸರು. ಇದನ್ನು ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು, ಯಾವಾಗ ಬೇಕಾದರೂ ಬದಲಿಸಬಹುದು. ಪ್ರವೇಶ ದಾಖಲಾತಿಯ ನಂಬರು ಮತ್ತು ಮಗುವಿನ ಹೆಸರು ಇದ್ದಂತೆ. ನಮ್ಮ ಮಕ್ಕಳ ಹೆಸರು ಒಂದು ದಾಖಲೆಯಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಮಲಯಾಳದಲ್ಲಿ, ಮತ್ತೊಂದರಲ್ಲಿ ಇಂಗ್ಲಿಷಿನಲ್ಲಿ ಮೂರು ರೂಪ ಪಡೆಯುವುದನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ. ಆದರೂ ಪ್ರವೇಶ ನಂಬರು ಒಂದೇ ಇರುವುದರಿಂದ ಮಗು ಕಳೆದುಹೋಗುವುದಿಲ್ಲ.

ಹಾಗಾಗಿ ಫೈಲಿನ ಹೆಸರಿಗೆ ನಂಬರು, ಚೀಟಿಗೆ ಕನ್ನಡ ಎಂದು ತೀರ್ಮಾನಿಸಿದೆವು. ರಾಟೆಯ ಯೋಜನೆಗೆ 100, ಚಕ್ರ 101, ಬುಷ್ 102, ಪಕ್ಕಪಟ್ಟಿ 103, ಕೊಂಡಿ 104. ಸಿದ್ಧಭಾಗಗಳು 150ರಿಂದ ಮೇಲೆ. ಬಾವಿಯ ಜೋಡಣೆ 200. ನಂಬರಿನೊಳಗೆ ಅರ್ಥ ತುಂಬಲು ಹೋಗಬಾರದು. ಅಳತೆ, ಬಣ್ಣ, ಲೋಹ ಎಲ್ಲವನ್ನೂ ನಂಬರಿಗೆ ಸೇರಿಸಿದರೆ ನಾಳೆ ಲೋಹ ಬದಲಾದಾಗ ನಂಬರು ಸುಳ್ಳು ಹೇಳತೊಡಗುತ್ತದೆ. ಯಾವ ಲ್ಯಾಬಿನ ಎಷ್ಟು ಹಳೆಯ ಕಂಪ್ಯೂಟರಾದರೂ ಅಂಕಿಯನ್ನು ಓದುತ್ತದೆ. ಮರದ ಪಟ್ಟಿಯಲ್ಲಿ ಮಾತ್ರ ಚಕ್ರ, ಬುಷ್, ಪಕ್ಕಪಟ್ಟಿ ಎಂದು ಕನ್ನಡದಲ್ಲೇ ಕಾಣುತ್ತದೆ. ಮೊದಲ ಸಲ ಪರದೆಯ ಎಡಗಡೆ 'ಕೊಂಡಿ' ಎಂಬ ಎರಡಕ್ಷರ ಕಂಡಾಗ ಒಂಬತ್ತನೆಯ ತರಗತಿಯ ಹುಡುಗ, "ಇದರಲ್ಲಿ ಕನ್ನಡ ಬರ್ತದಾ?" ಎಂದು ಕೇಳಿದ. ಬರುತ್ತದೆ, ನಾವು ಬರೆದರೆ.

ರೋಲ್ ನಂಬರಿನ ಕತೆಯೂ ಇಲ್ಲಿದೆ. ಹಾಜರಿ ಪುಸ್ತಕದಲ್ಲಿ ಅಕಾರಾದಿಯಾಗಿ ರೋಲ್ ನಂಬರು ಹಾಕುತ್ತೇವಲ್ಲ, ನಡುವೆ ಒಂದು ಮಗು ಹೊಸದಾಗಿ ಸೇರಿ ಪಟ್ಟಿಯನ್ನು ಪುನಃ ಬರೆದರೆ ಕೆಳಗಿನ ಎಲ್ಲರ ನಂಬರೂ ಒಂದೊಂದು ಜಾರುತ್ತದೆ. ಘನವಸ್ತುವಿನ ಮುಖಗಳಿಗೆ ತಂತ್ರಾಂಶ ಕೊಡುವ ಹೆಸರುಗಳೂ ಹೀಗೆಯೇ. ಆರನೆಯ ಮುಖಕ್ಕೆ ಕೀಲು ಹಾಕಿರುತ್ತೇವೆ. ಆಮೇಲೆ ಭಾಗಕ್ಕೆ ಹೋಗಿ ಒಂದು ತೂತು ಹೆಚ್ಚಿಗೆ ಕೊರೆದರೆ ಮುಖಗಳ ಸಂಖ್ಯೆ ಬದಲಾಗಿ, ಹಿಂದೆ ಆರನೆಯದಾಗಿದ್ದದ್ದು ಏಳನೆಯದಾಗಬಹುದು. ಆಗ ಕೀಲು ಬೇರೆಯೇ ಮುಖಕ್ಕೆ ಹಾರಿ ಜೋಡಣೆ ಅಡ್ಡಾದಿಡ್ಡಿಯಾಗುತ್ತದೆ. ಫ್ರೀಕ್ಯಾಡಿನ ಬಹುಕಾಲದ ದೊಡ್ಡ ತಲೆನೋವು ಇದಾಗಿತ್ತು. 1.0 ಆವೃತ್ತಿಯಲ್ಲಿ ಬಹಳ ಮಟ್ಟಿಗೆ ಪರಿಹಾರ ಮಾಡಿದ್ದಾರೆ. ಆದರೂ ಭಾಗದೊಳಗೆ ನಾವೇ ಒಂದು ಗುರುತಿನ ಅಕ್ಷವನ್ನೋ ಸಮತಲವನ್ನೋ ಇಟ್ಟು ಕೀಲನ್ನು ಅದಕ್ಕೆ ಹಾಕುವುದು ಒಳ್ಳೆಯ ರೂಢಿ. ತೂತು ಎಷ್ಟೇ ಕೊರೆದರೂ ನಾವಿಟ್ಟ ಗುರುತು ಅಲುಗುವುದಿಲ್ಲ.

ಅಳತೆಗಳನ್ನು ಎಲ್ಲಿ ಇಡಬೇಕು? ಪ್ರತಿ ಭಾಗದೊಳಗೆ ಪ್ರತ್ಯೇಕವಾಗಿ ಬರೆದರೆ ಅವು ಒಂದಕ್ಕೊಂದು ಮಾತಾಡಿಕೊಳ್ಳುವುದಿಲ್ಲ. ಚಕ್ರದ ಅಳತೆಯನ್ನು ಪಟ್ಟಿಯಿಂದ, ಪಟ್ಟಿಯದನ್ನು ಬೋಲ್ಟಿನಿಂದ ಎಂದು ಸರಪಳಿಯಾಗಿ ಎಳೆದರೆ ಒಂದು ಕೊಂಡಿ ಕಳಚಿದಾಗ ಎಲ್ಲವೂ ಬೀಳುತ್ತದೆ. ಅದಕ್ಕೆ ನಾವು ಒಂದು ಸ್ಪ್ರೆಡ್‌ಶೀಟ್ ಮಾಡಿ ಮುಖ್ಯ ಅಳತೆಗಳನ್ನು ಅಲ್ಲಿಟ್ಟೆವು. ಹಗ್ಗದ ದಪ್ಪ 16 ಮಿ.ಮೀ., ಚಕ್ರದ ಹೊರವ್ಯಾಸ 150, ಬೋಲ್ಟ್ ಎಂ12 ಅಂದರೆ 12 ಮಿ.ಮೀ., ಪಟ್ಟಿಯ ತೂತು ಬೋಲ್ಟಿಗಿಂತ 1 ಹೆಚ್ಚು. ಚಕ್ರದ ತೋಡಿನ ಅಗಲ ಹಗ್ಗದ ದಪ್ಪದಿಂದ ಬರಬೇಕು, ಪಟ್ಟಿಗಳ ನಡುವಿನ ಅಂತರ ಚಕ್ರದ ಅಗಲದಿಂದ ಬರಬೇಕು. ಹಗ್ಗವನ್ನು 20 ಎಂದು ತಿದ್ದಿದಾಗ ತೋಡು ಅಗಲವಾಗಿ, ಪಟ್ಟಿಗಳು ದೂರ ಸರಿದು, ಬೋಲ್ಟ್ ಉದ್ದವಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಒಬ್ಬಳು, "ಅಂಗಡಿಯಲ್ಲಿ ಅಷ್ಟೇ ಉದ್ದದ ಬೋಲ್ಟ್ ಸಿಗ್ತದಾ ಸರ್?" ಎಂದು ಕೇಳಿದಳು. ಬಹಳ ಸರಿಯಾದ ಪ್ರಶ್ನೆ. ಸಿದ್ಧಭಾಗಗಳನ್ನು ನಮಗೆ ಬೇಕಾದಂತೆ ಎಳೆಯಬಾರದು, ಸಿಗುವ ಅಳತೆಗಳಲ್ಲಿ ಒಂದನ್ನು ಆರಿಸಬೇಕು. ಅವಕ್ಕೆ ಬೇರೆ ಫೋಲ್ಡರ್ ಇಟ್ಟದ್ದು ಇದಕ್ಕೇ. ಬೋಲ್ಟಿನ ಎಳೆಗಳನ್ನೂ ಕೊರೆಯಲು ಹೋಗಬಾರದು. ಫೈಲು ಭಾರವಾಗಿ ಶಾಲೆಯ ಕಂಪ್ಯೂಟರು ನಿಂತುಬಿಡುತ್ತದೆ.

ಇಷ್ಟೆಲ್ಲ ಶಿಸ್ತಿನ ಫಲ ಕಾಣುವುದು ಕೊನೆಯ ಸಾಮಾನು ಪಟ್ಟಿಯಲ್ಲಿ. ಜೋಡಣೆ ಸರಿಯಾಗಿದ್ದರೆ ತಂತ್ರಾಂಶವೇ ಎಣಿಸಿ ಪಟ್ಟಿ ಕೊಡುತ್ತದೆ: ವಾಷರ್ 4, ಬೋಲ್ಟ್ 2, ಪಕ್ಕಪಟ್ಟಿ 2. ಕಾಪಿ ಮಾಡಿದವನ ಪಟ್ಟಿಯಲ್ಲಿ ವಾಷರ್ 1, ವಾಷರ್001 1, ವಾಷರ್002 1 ಎಂದು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯವರು ನಗುತ್ತಾರೆ. ನಮ್ಮ ಪಟ್ಟಿ ಕನ್ನಡದಲ್ಲಿ ಬಂತು. ಅದನ್ನು ಮುದ್ರಿಸಿ ಊರಿನ ವೆಲ್ಡಿಂಗ್ ಶೆಡ್ಡಿನವರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿ ಮೇಲಿನಿಂದ ಕೆಳಗೆ ಓದಿ, "ಪಟ್ಟಿಯ ದಪ್ಪ ಬರೆದಿಲ್ಲ" ಎಂದರು. ಅವರು ಕೇಳಿದ್ದು ಅದೊಂದೇ.

ಆ ಹುಡುಗಿ ರಜೆ ಮುಗಿಸಿ ಕಾಲೇಜಿಗೆ ಹೋದಳು. ವೈಸನ್ನು ಹೊಸದಾಗಿ ಜೋಡಿಸಿ, ಇಡೀ ಫೋಲ್ಡರ್ ಕೊಂಡುಹೋಗಿ ತೋರಿಸಿದಳು. ಮೊನ್ನೆ ಫೋನ್ ಮಾಡಿದಾಗ, ತನ್ನ ಕೋಣೆಯ ಇಬ್ಬರು ಮಲಯಾಳಿ ಗೆಳತಿಯರಿಗೂ ಪೆನ್‌ಡ್ರೈವಿನ ವಿಷಯ ತಾನೇ ಹೇಳಿಕೊಟ್ಟೆ ಎಂದಳು. ಅವರದ್ದೂ ಹಾಗೇ ಖಾಲಿ ಬಂದಿತ್ತಂತೆ! ಅವರು ಮಾತ್ರ ಅದಕ್ಕೆ ತಮ್ಮ ಭಾಷೆಯನ್ನು ಬೈದುಕೊಂಡಿರಲಿಲ್ಲ. ಇದನ್ನು ಕೇಳಿದಾಗ ನಮಗೆ ಅನ್ನಿಸಿದ್ದು, ತೊಡಕು ಎಲ್ಲರಿಗೂ ಒಂದೇ. ನಮ್ಮ ಮಕ್ಕಳು ಮಾತ್ರ ಪ್ರತಿ ತೊಡಕಿಗೂ ಕನ್ನಡದ ಹೆಸರು ಹಚ್ಚಲು ಕಲಿತಿದ್ದಾರೆ. ಅದನ್ನು ಕಲಿಸಿದವರು ದೊಡ್ಡವರಾದ ನಾವೇ, ಊರಿನ ಮಾತುಕತೆಗಳಲ್ಲಿ.

ಕೊನೆಗೆ, ನಾವು ಬಳಸಿದ ಪದಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಇಂಗ್ಲಿಷ್ ಪದವನ್ನು ಬಿಡಿಸಬೇಕೆಂದಲ್ಲ, ಕಾಲೇಜಿನಲ್ಲಿ ಅದೇ ಬೇಕು. ಮೊದಲು ಅರ್ಥವಾಗಲಿ ಎಂದು ಮಾತ್ರ.

ಪಾರ್ಟ್ - ಭಾಗ, ಬಿಡಿಭಾಗ
ಅಸೆಂಬ್ಲಿ - ಜೋಡಣೆ
ಸಬ್ ಅಸೆಂಬ್ಲಿ - ಒಳಜೋಡಣೆ
ಜಾಯಿಂಟ್ - ಕೀಲು
ಗ್ರೌಂಡ್ ಮಾಡುವುದು - ಊರುವುದು
ಡಿಗ್ರಿ ಆಫ್ ಫ್ರೀಡಮ್ - ಚಲನೆಯ ಸ್ವಾತಂತ್ರ್ಯ
ಇನ್‌ಸ್ಟೆನ್ಸ್ - ತೋರಿಕೆ
ಲೇಬಲ್ - ಚೀಟಿ ಹೆಸರು
ಸ್ಟ್ಯಾಂಡರ್ಡ್ ಪಾರ್ಟ್ - ಸಿದ್ಧಭಾಗ
ಬಿಲ್ ಆಫ್ ಮೆಟೀರಿಯಲ್ - ಸಾಮಾನು ಪಟ್ಟಿ

'ಕನ್‌ಸ್ಟ್ರೇಂಟ್' ಎಂಬುದಕ್ಕೆ ಸದ್ಯ ನಿಯಮ ಎನ್ನುತ್ತಿದ್ದೇವೆ, ಮಕ್ಕಳು ಕಟ್ಟು ಎನ್ನುತ್ತಾರೆ. ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಆದವಾನಿ ಕಡೆಯ ಅಧ್ಯಾಪಕ ಮಿತ್ರರು ತಮ್ಮ ಬಡಗಿ, ಕಮ್ಮಾರರನ್ನು ಕೇಳಿ ನೋಡಬೇಕು. ಅವರಲ್ಲಿ ಇದಕ್ಕೆ ನಮ್ಮದಕ್ಕಿಂತ ಒಳ್ಳೆಯ ಪದ ಖಂಡಿತ ಇರುತ್ತದೆ. ಬರುವ ಬೇಸಿಗೆ ರಜೆಯಲ್ಲಿ ನಾವು ಅಡಕೆ ಸುಲಿಯುವ ಕೈಯಂತ್ರವನ್ನು ಬಿಚ್ಚುವವರಿದ್ದೇವೆ. ಅದರಲ್ಲಿ ಎಷ್ಟು ಬಗೆ, ಎಷ್ಟು ತುಂಡು ಎಂದು ಮಕ್ಕಳು ಈಗಲೇ ಪಂದ್ಯ ಕಟ್ಟಿದ್ದಾರೆ.